ಹಿಡಿಯಾಕ ಯಾರು ಬರ್ತಾರ?

ಆ ದಿನ ಬೆಳಿಗ್ಗೆ ಗಾಳಿ ಪೂರ್ತಿ ಬಿದ್ದುಹೋಗಿತ್ತು. ಬೇವಿನ ಎಲೆ ಅಲುಗುತ್ತಿರಲಿಲ್ಲ. ಒಲೆಯ ಹೊಗೆ ನೆಟ್ಟಗೆ ಎದ್ದು, ಮಾಡಿನ ಎತ್ತರಕ್ಕೆ ಹೋಗಿ, ಮುಂದೆ ಯಾರ ಮನೆಗೆ ಹೋಗುವುದೆಂದು ತಿಳಿಯದ ನೆಂಟನ ಹಾಗೆ ಅಲ್ಲೇ ನಿಂತುಬಿಟ್ಟಿತ್ತು. ಇಂಥ ಬೆಳಗು ನಮ್ಮೂರಿಗೆ ಅಪರೂಪ. ಬಂದಾಗ ಹಗುರಾದವರೆಲ್ಲ ಹೊರಗೆ ಬರುತ್ತಾರೆ. ಓಣಿಯ ಗೋಡೆಗುಂಟ ಬಿಗಿದಿರುವ ಹಗ್ಗವನ್ನು ಒಂದು ಕೈಯಲ್ಲಿ ಸವರುತ್ತ, ಇನ್ನೊಂದು ಕೈಯಲ್ಲಿ ಸೊಂಟದ ಕಲ್ಲುಪಟ್ಟಿ ಸರಿಮಾಡಿಕೊಳ್ಳುತ್ತ ಬಂದು, ಬಿಸಿಲಿಗೆ ಬೆನ್ನು ಕೊಟ್ಟು ಸಾಲಾಗಿ ಕೂರುತ್ತಾರೆ. ಅವರ ಹಿಮ್ಮಡಿ ನೆಲಕ್ಕೆ ಅಂಟಿಯೂ ಅಂಟದ ಹಾಗೆ ಇರುತ್ತದೆ.

ಬೇರೆ ಊರುಗಳಲ್ಲಿ ಎಲುಬು ಸವೆದರೆ ಬೆನ್ನು ಬಾಗುತ್ತದಂತೆ, ಎಡವಿ ಬಿದ್ದರೆ ಮುರಿಯುತ್ತದಂತೆ. ನಮ್ಮಲ್ಲಿ ಅದೆಲ್ಲದರ ಜೊತೆಗೆ ಮನುಷ್ಯ ನೆಲ ಬಿಡುತ್ತಾನೆ. ಹಾಗಾಗಿಯೇ ನಮ್ಮ ಬೆಳಕಿಂಡಿಗಳಿಗೆ ಜಾಳಿಗೆ, ನಮ್ಮ ಅಂಗಳಗಳಿಗೆ ಹಗ್ಗ. ಹೊರಗಿನವರು ಬೆಳಿಗ್ಗೆ ಎದ್ದು ನೆಲ ಮುಟ್ಟಿ, ನಿನ್ನ ಮೇಲೆ ಕಾಲಿಡುತ್ತೇನೆ, ತಪ್ಪು ಹೊಟ್ಟೆಗೆ ಹಾಕಿಕೋ ತಾಯೀ ಅನ್ನುತ್ತಾರೆಂದು ಕೇಳಿದ್ದೇನೆ. ನಾವು ನೆಲ ಮುಟ್ಟಿ, ಕೈಬಿಡಬೇಡ ತಾಯೀ ಅನ್ನುತ್ತೇವೆ. ನಾನೂ ಅವತ್ತು ಹಾಗೇ ಅಂದು ಎದ್ದೆ.

ನನ್ನ ಹೆಸರು ನೀಲಗಂಗವ್ವ. ಊರಿಗೆಲ್ಲ ನೀಲಕ್ಕ. ಗಂಡ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಾಗಲಿಲ್ಲ. ಹೊಲಿಗೆ ಮಶೀನೊಂದು ನನ್ನ ಜೊತೆ ಮಾತಾಡಿಕೊಂಡಿದೆ. ಹಗುರಾದವರಿಗೆ ಕಲ್ಲಿನ ಲಂಗ ಹೊಲಿಯುವುದು ನನ್ನ ಕಸುಬು. ಲಂಗದ ಅಂಚಿಗೆ ಸುತ್ತಲೂ ಸಣ್ಣ ಜೇಬು ಇಟ್ಟು, ಹೊಳೆಯ ನುಣುಪುಗಲ್ಲು ತುಂಬಿ, ಬಾಯಿ ಹೊಲಿಯುತ್ತೇನೆ. ನಡೆದರೆ ಕಲ್ಲಿಗೆ ಕಲ್ಲು ತಾಗಿ ಸದ್ದಾಗಬಾರದು, ಕೂತರೆ ಒತ್ತಬಾರದು. ಗಂಡಸರಿಗೆ ಸೊಂಟಪಟ್ಟಿ.

ಈ ಊರಲ್ಲಿ ಗಟ್ಟಿ ಎಲುಬು ಎಂದರೆ ನೀಲಕ್ಕನದು ಅನ್ನುತ್ತಿದ್ದರು. ನಾನು ಓಣಿಯಲ್ಲಿ ಬಂದರೆ ದಪ್ ದಪ್ ಎಂದು ಕೇಳುತ್ತಿತ್ತು. ಬಾಣಂತಿಯರಿಗೆ ಹಿರಿಯರು "ನೀಲಕ್ಕನ ಹಂಗ ನೆಲಾ ಹಿಡಕೊಂಡು ಬಾಳು" ಎಂದು ಹರಸುತ್ತಿದ್ದರು. ಅದು ನನ್ನ ಎಲುಬಿನ ಸದ್ದಲ್ಲ, ನನ್ನ ಲಂಗದ ಭಾರದ ಸದ್ದು. ಒಂದು ದಿನ ಅಟ್ಟದಿಂದ ಇಳಿಯುವಾಗ ನನ್ನ ಪಾದ ನೆಲಕ್ಕೆ ಬರುವುದು ತುಸು ತಡವಾಯಿತು. ಕರೆದವರ ಮನೆಗೆ ಹೋಗಲೋ ಬೇಡವೋ ಎಂದು ಯೋಚಿಸುವವರ ಹಾಗೆ ಅರೆಗಳಿಗೆ ನಿಂತು, ಆಮೇಲೆ ಬಂತು. ಅವತ್ತೇ ನನ್ನ ಲಂಗಕ್ಕೂ ಒಂದು ಜೇಬು ಹೊಲಿದುಕೊಂಡೆ. ಆಮೇಲೆ ಇನ್ನೊಂದು. ಯಾರಿಗೂ ಹೇಳಲಿಲ್ಲ. ಹಗುರಾದೆ ಅಂದವರಿಗೆ ನಮ್ಮೂರಲ್ಲಿ ಕೇಳುವ ಮೊದಲ ಮಾತು, ಹಿಡಿಯಾಕ ಯಾರದಾರ ಅಂತ. ಹೆಸರು ಹೇಳಲು ನನಗೆ ಯಾರೂ ಇರಲಿಲ್ಲ.

ಹೊಲಿಯುತ್ತ ಹೊಲಿಯುತ್ತ ಅಂಚಿನಲ್ಲಿ ಜಾಗ ಮುಗಿಯಿತು. ಮಂಡಿ ರಾತ್ರಿಯೆಲ್ಲ ನೋಯತೊಡಗಿತು. ಇನ್ನೊಂದು ಕಲ್ಲು ಹಾಕಿದರೆ ಕಾಲು ಮುರಿಯುತ್ತದೆ, ಹಾಕದಿದ್ದರೆ ಮುಂದಿನ ಗಾಳಿಗಾಲಕ್ಕೆ ನಾನಿರುವುದಿಲ್ಲ ಎಂಬಲ್ಲಿಗೆ ಬಂತು. ಹೋದವರು ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿಲ್ಲ. ಶಿವನ ಹತ್ತಿರ ಅನ್ನುತ್ತಾರೆ. ಇರಬಹುದು. ಆದರೆ ಶಿವ ದಿನಾ ಬೆಳಿಗ್ಗೆ ನನ್ನ ಅಂಗೈಯಲ್ಲೇ ಬಂದು ಕೂರುತ್ತಾನಲ್ಲ, ಅವನನ್ನು ಹುಡುಕಿಕೊಂಡು ಅಷ್ಟು ಮೇಲೆ ಯಾಕೆ ಹೋಗಬೇಕು?

ವರ್ಷಕ್ಕೊಮ್ಮೆ ಎಲುಬಿನ ಗಾಡಿ ಬರುತ್ತದೆ. ಅದರೊಳಗೆ ಎಲುಬು ಎಷ್ಟು ಗಟ್ಟಿ, ಎಷ್ಟು ಟೊಳ್ಳು ಎಂದು ನೋಡುವ ಮಶೀನು. ಸ್ಕ್ಯಾನು ಆದವರಿಗೆ ಒಂದು ಸೂಜಿ ಹಾಕುತ್ತಾರೆ. ಹಾಕಿದರೆ ಸವೆಯುವುದು ನಿಲ್ಲುತ್ತದೆ. ಸ್ಕ್ಯಾನಿಲ್ಲದೆ ಸೂಜಿಯಿಲ್ಲ. ಆ ಗಾಳಿಯಿಲ್ಲದ ಬೆಳಿಗ್ಗೆ ಗಾಡಿ ಬಂದು ದವಾಖಾನೆಯ ಮುಂದೆ ನಿಂತಿತು. ನಾನು ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಗೆ ಇಳಿಸಿ, ದಪ್ ದಪ್ ಎಂದು ಹೋಗಿ ಸಾಲಿನಲ್ಲಿ ನಿಂತೆ.

"ಯಾರ್ನ ಹಿಡಿಯಾಕ ಬಂದೀಯೇ ನೀಲಕ್ಕ?" ಮುಂದಿದ್ದವಳು ಕೇಳಿದಳು. ತಪ್ಪಲ್ಲ. ಪ್ರತಿ ವರ್ಷ ನಾನು ಅಲ್ಲಿಗೆ ಹೋಗುತ್ತಿದ್ದದ್ದೇ ಇನ್ನೊಬ್ಬರನ್ನು ಹಿಡಿಯಲು. ಮಶೀನಿನ ಮಂಚದ ಮೇಲೆ ಕಲ್ಲು, ಲೋಹ ಎಲ್ಲ ತೆಗೆದು ಮಲಗಬೇಕು. ಆಗ ಹಗುರಾದವರು ಮೇಲೇಳದಂತೆ ಒಬ್ಬರು ಪಕ್ಕದಲ್ಲಿ ಕೂತು ಹಿಡಿದುಕೊಳ್ಳಬೇಕು. ಭಾರದವಳು ಅಂತ ಎಲ್ಲರೂ ನನ್ನನ್ನೇ ಕರೆಯುತ್ತಿದ್ದರು.

"ಸುಮ್ಮನ ಬಂದೆ" ಅಂದೆ.

ನರ್ಸಬಾಯಿ ಹೊರಗಿನವಳು. ದುಂಡು ಮುಖ, ನಿದ್ದೆಗೆಟ್ಟ ಕಣ್ಣು. ನನ್ನ ಹೆಸರು ಕೇಳಿ, ವಯಸ್ಸು ಕೇಳಿ, ತಲೆಯೆತ್ತದೆ, "ಗರ್ಭಿಣಿ ಇದ್ದೀರೇನ್ರಿ?" ಅಂದಳು.

ಹಿಂದಿನ ಹೆಂಗಸರೆಲ್ಲ ಕಿಸಕ್ಕೆಂದರು. "ಹೌದ್ರೀ ಬಾಯಾರ, ಈ ಸಲ ಹೆಣ್ಣಾಗಲಿ ಅಂತ ಬೇಡಿಕೊಂಡಾಳ!" ಎಂದು ಯಾರೋ ಕೂಗಿದರು.

"ನಗಬ್ಯಾಡ್ರಿ, ಎಲ್ಲಾರಿಗೂ ಕೇಳಬೇಕು" ಎಂದು ನರ್ಸಬಾಯಿ ತಾನೂ ನಕ್ಕಳು. ಆಮೇಲೆ ದನಿ ತಗ್ಗಿಸಿ ಹೇಳಿದಳು. ಕ್ಯಾಲ್ಸಿಯಂ ಗುಳಿಗೆ ತಗೊಳ್ಳುತ್ತಿದ್ದರೆ ಇವತ್ತಿಂದ ಬಿಡಬೇಕು. ಊಟ ಮಾಡಬಹುದು. ಸಡಿಲ ಅರಿವೆ ಉಟ್ಟು ಬರಬೇಕು. ಹುಕ್ಕು, ಗುಂಡಿ, ಪಿನ್ನು, ಸರ, ಉಂಗುರ ಯಾವುದೂ ಮೈಮೇಲೆ ಇರಬಾರದು. "ಮತ್ತ ಕಲ್ಲು ಇವತ್ತ ಮಧ್ಯಾಹ್ನಾನ ತೆಗದಿಡ್ರಿ. ಭಾರಕ್ಕ ಬೆನ್ನೆಲುಬು ಒತ್ತಿರತೈತಿ, ಮೊದಲ ಸಡಿಲ ಆಗಬೇಕು. ಇಲ್ಲಾಂದ್ರ ಚಿತ್ರ ಸುಳ್ಳ ಹೇಳತೈತಿ. ನಾಳೆ ಮುಂಜಾನೆ ಬರ್ರಿ. ಹಿಡಿಯಾಕ ಯಾರು ಬರ್ತಾರ?"

"ಬರ್ತಾರ" ಅಂದೆ.

"ಯಾರು?"

"ಬರ್ತಾರವ್ವಾ" ಅಂದು ಹೊರಟುಬಂದೆ.

ಹಿಡಿ ಎಂದರೆ ನಮ್ಮಲ್ಲಿ ಒಂದು ಋಣ. ನಿಮ್ಮವರನ್ನು ನಾನು ಹಿಡಿದರೆ ನಿಮ್ಮ ಮನೆಯಿಂದ ನನಗೊಂದು ಹಿಡಿ ಬರಬೇಕು. ಆದರೆ ಅದನ್ನು ಬಾಯಿಬಿಟ್ಟು ಕೇಳುವ ಹಾಗಿಲ್ಲ. ಕೇಳಿ ಪಡೆದ ಹಿಡಿ ನಡುವೆ ಜಾರುತ್ತದೆ ಅನ್ನುತ್ತಾರೆ. ಕೊಡುವವರೇ ತಿಳಿದು ಬಂದು ಕೊಡಬೇಕು. ನನಗೆ ಊರ ತುಂಬ ಹಿಡಿ ಬರಬೇಕಿತ್ತು, ಒಂದನ್ನೂ ಕೇಳುವಂತಿರಲಿಲ್ಲ. ಸುಳಿವು ಕೊಡುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಪಕ್ಕದ ಮನೆಯ ತುಂಗವ್ವನ ಹತ್ತಿರ ಹೋದೆ.

ತುಂಗವ್ವ ಮರುದಿನ ತವರಿನ ಕಡೆಯ ಮದುವೆಗೆ ಹೊರಟಿದ್ದಳು, ಗಂಡ ಮಕ್ಕಳೆಲ್ಲ ಸೇರಿ. ಪಡಸಾಲೆಯ ತುಂಬ ಸೀರೆ ಹರಡಿಕೊಂಡಿದ್ದಳು. ಮೂಲೆಯಲ್ಲಿ ಅವಳ ಅತ್ತೆ ದುಂಡವ್ವ, ಬೀಸುಕಲ್ಲಿನ ಮೇಲುಹೋಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಡ್ಡಿಯಂಥ ಮುದುಕಿ. ಹೆಸರಿಟ್ಟವರಿಗೆ ಮುಂದಿನದು ಕಂಡಿರಲಿಲ್ಲ ಎಂದು ಓಣಿಯವರು ನಗುತ್ತಿದ್ದರು. ಹೋದ ಸಲ ಗಾಡಿ ಬಂದಾಗ ಅವಳನ್ನು ಹಿಡಿದವಳು ನಾನೇ. ಮಾತು ಕಡಿಮೆ, ಆಡಿದರೆ ಒರಟು.

"ಎಲುಬಿನ ಗಾಡಿ ಬಂದೈತಿ" ಅಂದೆ.

"ಬರಲಿ ಬಿಡು, ಅತ್ತಿದು ಹೋದ ವರ್ಷ ಆಗೇತಲ್ಲ, ಸೂಜಿನೂ ಆಗೇತಿ. ಈ ಹಸರ ಸೀರಿ ಹ್ಯಾಂಗೈತಿ ನೋಡು."

"ಚಲೋ ಐತಿ. ನಾನೂ ಒಮ್ಮೆ ತೋರಿಸಬೇಕಂತ ಮಾಡೀನಿ, ತುಂಗಿ."

"ಏನು?"

"ಎಲುಬು."

ತುಂಗವ್ವ ಸೀರೆ ಕೆಳಗಿಟ್ಟು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ನೀನಾ? ನೀ ಹಾರ್ತಿ ಅಂದ್ರ ನಮ್ಮ ಎಮ್ಮಿನೂ ಹಾರೀತು! ನೀ ಮ್ಯಾಲ ಹೋದ್ರ ಮೋಡ ಹರದು ಕೆಳಗ ಬೀಳತಾವ ನೀಲಕ್ಕ!"

ನಾನೂ ನಕ್ಕೆ. ಏನು ಮಾಡಲಿ, ಅವಳ ನಗು ಹಾಗಿತ್ತು. "ನಿನ್ನಿ ಮಂಡಿ ನೋಯಾಕತ್ತಿತ್ತು, ಅದಕ ಅಂದೆ" ಅಂದೆ.

"ಭಾರ ಆಗಿದ್ದಕ್ಕ ನೋಯತೈತಿ. ಒಂದೊಪ್ಪತ್ತು ಉಪಾಸ ಮಾಡು, ಹೆಂಗೂ ನಿನಗ ದೇವರಂದ್ರ ಪ್ರಾಣ."

"ಬಾಯಿ ಮುಚ್ಚು, ನನ್ನ ಎಲಿ ಚೀಲ ಎಲ್ಲಿ ಇಟ್ಟಿ?" ಎಂದು ಮೂಲೆಯಿಂದ ದುಂಡವ್ವ ಗದರಿದಳು. ತುಂಗವ್ವ ಎದ್ದು ಎಲೆಯಡಿಕೆ ಹುಡುಕತೊಡಗಿದಳು. ಮುದುಕಿ ನನ್ನ ಕಡೆ ನೋಡಲಿಲ್ಲ. ನಾನು ಎದ್ದು ಬಂದೆ.

ಕಿರಾಣಿ ಅಂಗಡಿಯ ಈರಭದ್ರಪ್ಪನ ತಾಯಿಯನ್ನು ನಾನು ಅವಳ ಕಡೆಯ ವರ್ಷದಲ್ಲಿ ಬಹಳ ಸಲ ಹಿಡಿದಿದ್ದೆ. ಅಂಗಡಿಯ ಕಟ್ಟೆಗೆ ಹೋಗಿ ಅರಿಶಿನ ಕೇಳಿದೆ. ಗಾಡಿ ಬಂದ ಮಾತು ತೆಗೆದೆ.

"ಹೌದವ್ವಾ, ನಾನ ನಿನ್ನ ಹತ್ರ ಬರಾವ ಇದ್ದೆ" ಅಂದ ಅವನು. ನಾನು ಕಟ್ಟೆಗೆ ಇನ್ನಷ್ಟು ಹತ್ತಿರ ಸರಿದೆ. "ನಮ್ಮ ಸೋದರತ್ತಿ ಬಂದಾಳ, ಅಕಿದು ನಾಡಿದ್ದು ಪಾಳಿ. ನೀ ಬಂದು ಹಿಡಿಬೇಕು. ನಿನ್ನಷ್ಟು ಭರವಸಿ ಯಾರ ಕೈಯಾಗೈತಿ ಹೇಳು?"

"ನಾಡಿದ್ದು ಇದ್ರ ಬರ್ತೀನಪ್ಪ."

"ಇರ್ದ ಎಲ್ಲಿ ಹೋಗ್ತಿ? ನೀನು ಗುಡ್ಡ ಇದ್ದಂಗ!" ಎಂದು ಅರಿಶಿನ ಕಟ್ಟಿಕೊಟ್ಟ. ತೂಗಿದ್ದಕ್ಕಿಂತ ಒಂದು ಚಿಟಿಕೆ ಹೆಚ್ಚೇ ಹಾಕಿದ. ಪ್ರೀತಿಯಿಂದಲೇ ಹಾಕಿದ. ಮುಂದೆ ಇನ್ನೊಂದು ಮನೆಯ ಕಟ್ಟೆ ಹತ್ತುವ ಮನಸ್ಸು ನನಗಾಗಲಿಲ್ಲ.

ಮನೆಗೆ ಬಂದು ಬಾಗಿಲು ಮುಂದಕ್ಕೆಳೆದು ತಯಾರಿಗೆ ಕೂತೆ. ಮೊದಲು ಕುಪ್ಪಸ. ಹುಕ್ಕು ಬಿಚ್ಚಿ, ಆ ಜಾಗಕ್ಕೆ ಅರಿವೆಯ ಕಸೆ ಹೊಲಿದೆ, ನಮ್ಮ ಅಜ್ಜಿಯ ಕಾಲದ ಹಾಗೆ. ಆಮೇಲೆ ಕಿವಿಯ ಬೆಂಡೋಲೆ. ಮೂಗುಬೊಟ್ಟು ಮದುವೆಯಾದಾಗ ಹಾಕಿದ್ದು, ಬರುವುದಿಲ್ಲ ಅಂದಿತು. ಕೊಬ್ಬರಿ ಎಣ್ಣೆ ಹಚ್ಚಿ, ಅದನ್ನು ಮಗುವಿನ ಹಾಗೆ ರಮಿಸಿ, ಕಣ್ಣಲ್ಲಿ ನೀರು ಬರುವವರೆಗೆ ತಿರುವಿ ತೆಗೆದೆ. ಬೈತಲೆಯ ಪಿನ್ನು ತೆಗೆದೆ. ಕರಡಿಗೆ ಬೆಳ್ಳಿಯದು. ಲಿಂಗವನ್ನು ಹೊರತೆಗೆದು, ಬಿಳಿ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡೆ. ಕರಡಿಗೆಯಿಲ್ಲದ ಶಿವ ಎದೆಗೆ ತಾಗಿದಾಗ ಕಿರಿದಾಗಿ, ತಣ್ಣಗೆ, ಯಾರೋ ಹಡೆದು ಬಿಟ್ಟುಹೋದ ಕೂಸಿನ ಹಾಗಿದ್ದ.

ಕೊನೆಗೆ ಲಂಗ. ಅದನ್ನು ಹೇಗೆ ತೆಗೆಯುವುದೆಂದು ಯೋಚಿಸುತ್ತ ಸ್ವಲ್ಪ ಹೊತ್ತು ನಿಂತೆ. ಊರಿಗೆಲ್ಲ ಹೊಲಿದುಕೊಟ್ಟವಳು, ಬಿಚ್ಚುವಾಗ ಯಾರಾದರೂ ಹತ್ತಿರ ಇರಬೇಕು ಎಂದು ಎಲ್ಲರಿಗೂ ಹೇಳಿಕೊಟ್ಟವಳು ನಾನೇ. ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತೆ. ಹಳೆಯ ಇಳಕಲ್ ಸೀರೆಯೊಂದನ್ನು ಎದೆಯ ಕೆಳಗಿನಿಂದ ಸುತ್ತಿ ಕಂಬಕ್ಕೆ ಬಿಗಿದುಕೊಂಡೆ. ಆಮೇಲೆ ಲಂಗದ ಲಾಡಿ ಬಿಚ್ಚಿ ಕಾಲಿಂದ ಕೆಳಗೆ ಜಾರಿಸಿದೆ. ಅದು ನೆಲಕ್ಕೆ ಸೇರಿದ ಸದ್ದು ಮನೆಯಲ್ಲೆಲ್ಲ ಕೇಳಿತು. ನನ್ನ ಕಾಲುಗಳು ಮೆಲ್ಲಗೆ, ನೀರಿನಲ್ಲಿ ಬಿಟ್ಟ ಹಾಗೆ ಮೇಲೆ ಬಂದವು.

ನಮ್ಮಲ್ಲಿ ಬದುಕಿರುವವರನ್ನು ಕಟ್ಟುವುದಿಲ್ಲ. ಮಶೀನಿನ ಮಂಚಕ್ಕೂ ಹಾಗಾಗಿಯೇ ಪಟ್ಟಿ ಬಿಗಿಯಲು ಒಪ್ಪದೆ ಮನುಷ್ಯರು ಹಿಡಿಯುವುದು. ಗೋಡೆಗೆ ಒರಗಿಸಿ, ಕೂರಿಸಿ, ಅರಿವೆಯಿಂದ ಕಟ್ಟುವುದು ಹೆಣವನ್ನು. ಕೊರಳಿಗೆ ಹಾರ ಹಾಕಿ, ವಿಭೂತಿ ಹಚ್ಚಿ, ಸುತ್ತ ಕೂತು ಭಜನೆ ಮಾಡುತ್ತಾರೆ. ನನ್ನ ಸುತ್ತ ಹೊಲಿಗೆ ಮಶೀನು, ಹಂಡೆ, ತುಂಡು ಬಟ್ಟೆಯ ರಾಶಿ ಕೂತಿದ್ದವು. ಬೆಳಕಿಂಡಿಯ ಜಾಳಿಗೆಯಿಂದ ಬಿದ್ದ ಬಿಸಿಲು ನೆಲದ ಮೇಲೆ ಸರಿಯುತ್ತ ಹೋಯಿತು. ಹಸಿವಾಯಿತು. ಒಲೆ ಅಷ್ಟು ದೂರದಲ್ಲಿತ್ತು, ರೊಟ್ಟಿಯ ಬುಟ್ಟಿ ಅದರಾಚೆ. ಕಟ್ಟಿಕೊಳ್ಳುವ ಮೊದಲು ಹತ್ತಿರ ಇಟ್ಟುಕೊಳ್ಳಬೇಕೆಂದು ಹೊಳೆದಿರಲಿಲ್ಲ. ಒಬ್ಬಳೇ ಇರುವವಳಿಗೆ ಎಷ್ಟು ವರ್ಷವಾದರೂ ಕೆಲವು ಬುದ್ಧಿ ಬರುವುದಿಲ್ಲ.

ಸಂಜೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡೆ. ನೋಡುತ್ತ ನೋಡುತ್ತ ಬಾಯಿಗೆ ಮಾತು ಬಂತು. ಶಿವನೇ, ಇಷ್ಟು ವರ್ಷ ದಿನಾ ನಿನ್ನನ್ನು ಈ ಕೈಯಲ್ಲಿ ಹಿಡಿದೆನಲ್ಲ... ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡೆ. ಹಿಡಿ ಕೇಳಬಾರದು. ಮನುಷ್ಯರನ್ನೇ ಕೇಳಬಾರದು ಅಂದಮೇಲೆ ದೇವರನ್ನು ಕೇಳುವುದೆಂಥದು? ಸುಮ್ಮನೆ ಕಣ್ಣಿಗೊತ್ತಿಕೊಂಡು ಮತ್ತೆ ವಸ್ತ್ರದಲ್ಲಿ ಸುತ್ತಿದೆ.

ಹೊರಗೆ ತುಂಗವ್ವನ ದನಿ ಕೇಳಿತು. ಒಳಗೆ ಬರಲಿಲ್ಲ, ಬಾಗಿಲ ಹೊರಗಿಂದಲೇ ಕೂಗಿದಳು. "ನೀಲಕ್ಕಾ, ಮಲಗೀ ಏನು? ನಾವು ಬೆಳಕು ಹರಿಯೂದರಾಗ ಹೋಗ್ತೀವಿ. ಅತ್ತಿ ಒಬ್ಬಾಕಿನ ಇರತಾಳ, ಸ್ವಲ್ಪ ನೋಡ್ಕೋಳವ್ವಾ. ನೀ ಇದ್ದೀ ಅನ್ನೂ ಧೈರ್ಯದ ಮ್ಯಾಲ ಹೊಂಟೀನಿ."

ಕಂಬಕ್ಕೆ ಕಟ್ಟಿಕೊಂಡು, ಕಾಲು ಗಾಳಿಯಲ್ಲಿ ಬಿಟ್ಟುಕೊಂಡು ಕೂತಿದ್ದ ನಾನು, "ಆತು, ನೀ ಅರಾಮ ಹೋಗಿ ಬಾ" ಅಂದೆ.

ಬೆಳಗಾಗುವುದರೊಳಗೆ ಗಾಳಿ ಎದ್ದಿತ್ತು. ಹೆಂಚು ಕಟಕಟ ಅನ್ನುತ್ತಿದ್ದವು. ಬಿಸಿಲು ಕಾಯಿಸುವವರು ಯಾರೂ ಹೊರಗಿರಲಿಲ್ಲ. ನೆಲ ಮುಟ್ಟಿ ನಮಸ್ಕಾರ ಮಾಡಲು ನಾನು ಕೈಯನ್ನು ಬಹಳ ಕೆಳಗೆ ಚಾಚಬೇಕಾಯಿತು. ಕಟ್ಟು ಬಿಚ್ಚಿ, ಕಂಬದಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಕೈ ಬದಲಿಸುತ್ತ ಬಂದು, ಹೊಸಿಲಾಚೆ ಓಣಿಯ ಹಗ್ಗ ಹಿಡಿದೆ. ಆ ಹಗ್ಗವನ್ನು ನಾನು ಅವತ್ತಿನವರೆಗೆ ಮುಟ್ಟಿರಲಿಲ್ಲ. ಬಹಳ ಕೈಗಳು ಹಿಡಿದು ಹಿಡಿದು ಅದು ರೇಷ್ಮೆಯಷ್ಟು ನುಣುಪಾಗಿತ್ತು. ಗಾಳಿ ಸೀರೆಯೊಳಗೆ ಹೊಕ್ಕು ನನ್ನನ್ನು ಉಬ್ಬಿಸಿತು. ಕಾಲಿನ ಹೆಬ್ಬೆರಳು ಮಾತ್ರ ಆಗಾಗ ನೆಲಕ್ಕೆ ತಾಗುತ್ತಿತ್ತು.

ಈಗ ಎಲ್ಲರಿಗೂ ಕಾಣುತ್ತದೆ ಅಂದುಕೊಂಡೆ. ನಾಚಿಕೆಯಾಯಿತು. ಜೊತೆಗೆ, ಇನ್ನು ಮುಚ್ಚಿಡುವುದಿಲ್ಲವಲ್ಲ ಎಂಬ ಸಣ್ಣ ನಿರಾಳವೂ ಬಂತು. ಕಂಡರೆ ಯಾರಾದರೂ ಓಡಿಬಂದು ಕೈ ಹಿಡಿಯುತ್ತಾರೆ. ಕೇಳುವ ಅಗತ್ಯವೇ ಬರುವುದಿಲ್ಲ.

ಅಂಗಡಿಯ ಬಾಗಿಲು ತೆಗೆಯುತ್ತಿದ್ದ ಈರಭದ್ರಪ್ಪ ನನ್ನನ್ನು ನೋಡಿದ. ಬೀಗದ ಕೈ ಹಿಡಿದುಕೊಂಡೇ ನಿಂತ. ಮೂಗುಬೊಟ್ಟಿಲ್ಲ, ಕಿವಿಯೋಲೆಯಿಲ್ಲ, ಕೂದಲು ಬಿಚ್ಚಿದೆ, ಕೊರಳಲ್ಲಿ ಬಿಳಿ ವಸ್ತ್ರ, ತುದಿಗಾಲಿನ ನಡಿಗೆ. ಅವನ ಕಣ್ಣು ಅಗಲವಾಯಿತು. ಚಪ್ಪಲಿ ಬಿಟ್ಟು ಕೈಮುಗಿದ.

"ಹರಕಿ ಹೊತ್ತಾಳಪಾ ನೀಲಕ್ಕ" ಎಂದು ಪಕ್ಕದವರಿಗೆ ಹೇಳಿದ. "ತುದಿಗಾಲಿನ ಹರಕಿ. ಭಾಳ ಕಠಿಣ. ಸರೀರಿ, ಸರೀರಿ, ಯಾರೂ ಮುಟ್ಟಬ್ಯಾಡ್ರಿ."

ಹರಕೆ ಹೊತ್ತವರನ್ನು ನಮ್ಮಲ್ಲಿ ಮುಟ್ಟುವುದಿಲ್ಲ. ಮುಟ್ಟಿದರೆ ಹರಕೆ ಮುರಿಯುತ್ತದೆ. ಓಣಿ ಬಿಟ್ಟುಕೊಟ್ಟಿತು. ಹೆಂಗಸರು ಬಾಗಿಲಿಗೆ ಬಂದು ನೀರು ಚೆಲ್ಲಿ ದಾರಿ ತಣ್ಣಗೆ ಮಾಡಿದರು. ಒಬ್ಬಳು ದೂರದಿಂದಲೇ ದಾಸವಾಳ ಎಸೆದಳು, ಗಾಳಿ ಅದನ್ನು ನನ್ನ ಮುಂದಿನಿಂದ ಎತ್ತಿಕೊಂಡು ಹೋಯಿತು.

"ಹರಕಿ ಅಲ್ಲರಪಾ" ಅಂದೆ.

"ಹರಕಿ ಹೊತ್ತವರು ಹಾಂಗ ಅಂತಾರ. ಹೇಳಿದ್ರ ಫಲ ಹೋಗತೈತೆಲ್ಲ!" ಎಂದು ಈರಭದ್ರಪ್ಪ ಇನ್ನೂ ಬಗ್ಗಿ ಕೈಮುಗಿದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಇಡೀ ಊರಿನ ಭಕ್ತಿಯ ನಡುವೆ ನಾನು ಹಗ್ಗಕ್ಕೆ ಜೋತುಬಿದ್ದುಕೊಂಡು ಹೋದೆ. ಅಷ್ಟು ಜನ ಕೈ ಎತ್ತಿದ್ದರು, ಎಲ್ಲ ಮುಗಿಯುವುದಕ್ಕೆ.

ಗಾಡಿಯ ಮೆಟ್ಟಿಲ ಕಂಬಿ ಹಿಡಿದು ಒಳಗೆ ಬಗ್ಗಿದೆ. ನರ್ಸಬಾಯಿ ನನ್ನ ಕೊರಳು, ಕಿವಿ, ಕುಪ್ಪಸದ ಕಸೆ ಎಲ್ಲ ನೋಡಿದಳು. "ಎಷ್ಟ ಚಂದಾಗಿ ತಯಾರಾಗಿ ಬಂದೀರವ್ವಾ. ಎಲ್ಲಾರೂ ಹಿಂಗ ಬಂದ್ರ ನನ್ನ ಕೆಲಸ ಅರ್ಧ ಆಗತೈತಿ. ಎಲ್ಲಿ ನಿಮ್ಮವರು?"

ನಾನು ತಿರುಗಿ ಓಣಿಯ ಕಡೆ ನೋಡಿದೆ.

"ಹಿಡಿಯಾಕ ಬರ್ತಾರಂದ್ರೆಲ್ಲ?"

"ಬರಬಹುದು."

ಅವಳು ನನ್ನ ಪಾದ ನೋಡಿದಳು. ಆಮೇಲೆ ಮುಖ ನೋಡಿದಳು. ಹೊರಗೆ ಬಗ್ಗಿ, "ಯಾರಾದ್ರೂ ಈ ಅವ್ವನ್ನ ಹಿಡೀರಿ, ಸ್ವಲ್ಪ ಹೊತ್ತು ಸಾಕು" ಎಂದು ಕೂಗಿದಳು. ಹಿಂದೆ ಬಂದಿದ್ದ ಜನ ಒಂದೇ ದನಿಯಲ್ಲಿ, ಹರಕಿ ಹೊತ್ತವರನ್ನ ಮುಟ್ಟಂಗಿಲ್ಲರೀ ಬಾಯಾರ ಅಂದರು. ಅವಳಿಗೆ ಅದು ಅರ್ಥವಾಗಲಿಲ್ಲ. "ನಾನ ಹಿಡಿತಿದ್ದೆ, ಆದ್ರ ಮಶೀನ ನಡಸಾವ್ರು ಯಾರು?" ಎಂದು ನನಗೆ ಹೇಳಿದಳು. ಬೇರೊಬ್ಬರ ಪಾಳಿ ಮೊದಲು ಮುಗಿಸುತ್ತೇನೆ, ಅಷ್ಟರಲ್ಲಿ ಯಾರೂ ಬರದಿದ್ದರೆ ಮುಂದಿನ ವರ್ಷ ನೋಡೋಣ ಅಂದಳು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಮುಂದಿನ ವರ್ಷ ಎನ್ನುವುದು ಎಂಥ ಮಾತೆಂದು ಅವಳಿಗೂ ತಿಳಿದಿತ್ತು.

ನಾನು ಕಂಬಿಗೆ ಎರಡೂ ಕೈ ಸುತ್ತಿ ನಿಂತೆ. ಗಾಳಿ ನನ್ನ ಸೀರೆಯನ್ನು ಎಳೆಯುತ್ತಿತ್ತು. ಒಳಗಿನವಳು ಇಳಿದು ತನ್ನ ಮಗಳ ಕೈ ಹಿಡಿದುಕೊಂಡು ಹೋದಳು. ಹೋಗುವ ಮೊದಲು ಇಬ್ಬರೂ ನನಗೆ ನಮಸ್ಕಾರ ಮಾಡಿದರು. ಬೆರಳು ಸೋಲತೊಡಗಿದವು. ನನಗೆ ಭಯವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಭಯಕ್ಕಿಂತ ಹೆಚ್ಚಾಗಿ, ಇಷ್ಟು ಜನರ ಎದುರು, ಇಷ್ಟು ಬೆಳಕಿನಲ್ಲಿ, ಯಾರಿಗೂ ಗೊತ್ತಾಗದೆ ಹೋಗುತ್ತೇನಲ್ಲ ಎಂದು ಆಶ್ಚರ್ಯವಾಯಿತು. ಹರಕೆ ಫಲಿಸಿತು ಎಂದು ಕೈಮುಗಿಯುತ್ತಾರೆ. ಮಂಗಳಾರತಿಯನ್ನೂ ಮಾಡಿಯಾರು.

ಆಗ ಓಣಿಯ ತುದಿಯಿಂದ ಸದ್ದು ಬಂತು. ನೆಲ ಕುಟ್ಟುವಂಥ ಸದ್ದು, ನಡುನಡುವೆ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಬರುವುದು. ಜನ ತಿರುಗಿ ನೋಡಿದರು. ದುಂಡವ್ವ ಬರುತ್ತಿದ್ದಳು. ಆದರೆ ಅವಳು ದುಂಡವ್ವನ ಹಾಗೆ ಕಾಣುತ್ತಿರಲಿಲ್ಲ. ತನ್ನ ಲಂಗದ ಮೇಲೆ ಇನ್ನೊಂದು ಹಳೆಯ ಕಲ್ಲಿನ ಲಂಗ ಉಟ್ಟಿದ್ದಳು. ಸತ್ತ ಗಂಡನ ಸೊಂಟಪಟ್ಟಿಯನ್ನು ಹೆಗಲಿಂದ ಅಡ್ಡಕ್ಕೆ ಹಾಕಿಕೊಂಡಿದ್ದಳು. ಸೆರಗಿನ ಗಂಟಿನಲ್ಲಿ ಬೀಸುಕಲ್ಲಿನ ಮೇಲುಹೋಳು ಬೆನ್ನ ಮೇಲೆ ಕೂತಿತ್ತು. ಬೆನ್ನು ಬಿಲ್ಲಾಗಿತ್ತು. ಹಗ್ಗವನ್ನು ಮುಟ್ಟದೆ, ನಡು ಓಣಿಯಲ್ಲಿ, ಒಂದೊಂದೇ ಹೆಜ್ಜೆ ಎತ್ತಿ ಇಡುತ್ತ ಬಂದಳು.

"ದುಂಡವ್ವಾ, ಮುಟ್ಟಬ್ಯಾಡ! ಹರಕಿ ಹೊತ್ತಾಳ!" ಎಂದು ಈರಭದ್ರಪ್ಪ ಅಡ್ಡ ಬಂದ.

"ಹರಕಿನೂ ಇಲ್ಲ ಗಿರಕಿನೂ ಇಲ್ಲ. ಸರೀಯೋ ಆಚೆ, ಹಾದ್ಯಾಗ ನಿಂತಾನ ದೊಡ್ಡ ಕಂಬದ ಹಂಗ."

ಅವನು ಸರಿದ. ಅವಳು ಮೆಟ್ಟಿಲ ಹತ್ತಿರ ಬಂದು, ಏರಲಾರದೆ ನಿಂತು, ನನ್ನ ಕಡೆ ನೋಡದೆಯೇ ನನ್ನ ಮುಂಗೈ ಹಿಡಿದಳು. ನಾನು ಕಂಬಿ ಬಿಟ್ಟೆ. ಅವಳು ನನ್ನನ್ನು ಒಳಗೆ ಎಳೆದಳೋ, ನಾನು ಅವಳನ್ನು ಮೇಲೆ ಎತ್ತಿದೆನೋ ಗೊತ್ತಿಲ್ಲ, ಇಬ್ಬರೂ ಒಳಗಿದ್ದೆವು.

"ಏನಜ್ಜಿ ಇದು!" ನರ್ಸಬಾಯಿ ಗಾಬರಿಯಾದಳು. "ನಿಮ್ಮ ಎಲುಬು ಹ್ಯಾಂಗದಾವ ಅಂತ ನನಗ ಗೊತ್ತಿಲ್ಲೇನು? ಇಷ್ಟ ಭಾರ ಹೊತ್ರ ಲಟ್ ಅಂತಾವ. ಇಳಸ್ರಿ ಮೊದಲ!"

"ಇಳಸಿದ್ರ ಇಕಿನ್ನ ಹಿಡಿಯಾಂಗಿಲ್ಲ. ನೀ ನಿನ್ನ ಕೆಲಸ ಮಾಡು, ಲಗೂ ಮಾಡು."

ಮಂಚದ ಮೇಲೆ ಅಂಗಾತ ಮಲಗಿದೆ. ನರ್ಸಬಾಯಿ ನನ್ನ ಮೊಣಕಾಲ ಕೆಳಗೆ ಮೆತ್ತನೆಯ ಪೆಟ್ಟಿಗೆಯಿಟ್ಟು ಬೆನ್ನು ಹಾಸಿಗೆಗೆ ಸಮ ಮಾಡಿದಳು. ಅಲುಗಬ್ಯಾಡ್ರಿ ಅಂದಳು. ದುಂಡವ್ವ ತಲೆಯ ಕಡೆಯ ಸ್ಟೂಲಿನ ಮೇಲೆ ಕೂತು, ನನ್ನ ಎರಡೂ ಮುಂಗೈಗಳನ್ನು ಹಿಡಿದುಕೊಂಡಳು. ಅವಳ ಉಸಿರು ಎಲೆಯಡಿಕೆ ವಾಸನೆಯಿಂದ ನನ್ನ ಹಣೆಗೆ ತಾಗುತ್ತಿತ್ತು. ಮಶೀನಿನ ತೋಳು ನನ್ನ ಹೊಟ್ಟೆಯ ಮೇಲೆ ಸಣ್ಣಗೆ ಗುನುಗುತ್ತ ಸರಿಯತೊಡಗಿತು. ನೋವಿಲ್ಲ, ಏನೂ ಇಲ್ಲ. ಯಾರೋ ಕತ್ತಲೆಯಲ್ಲಿ ದೀಪ ಹಿಡಿದು ನನ್ನೊಳಗೆ ಕೋಣೆಯಿಂದ ಕೋಣೆಗೆ ಹೋದ ಹಾಗೆ.

ಆಗ ನನಗೆ ಅವಳ ಕೈ ಗೊತ್ತಾಯಿತು. ಗಟ್ಟಿ ಎಲುಬಿನವರು ಹಿಡಿದರೆ ಕೈ ಮೇಲಿನಿಂದ ಸುಮ್ಮನೆ ಬಂದು ಕೂರುತ್ತದೆ, ಅವರಿಗೆ ಅದರ ಎಚ್ಚರವೂ ಇರುವುದಿಲ್ಲ. ಅವಳ ಕೈ ಹಾಗಿರಲಿಲ್ಲ. ಹೆಗಲ ಮೇಲಿನ ಕಲ್ಲು ಕೆಳಗೆ ಒತ್ತುತ್ತಿತ್ತು, ಬೆರಳುಗಳು ಮೇಲೆ ಹೋಗುತ್ತೇವೆ ಅನ್ನುತ್ತಿದ್ದವು. ಎರಡರ ನಡುವೆ ಕೈ ಒಂದೇ ಸಮನೆ, ಕಾಣದಷ್ಟು ಸಣ್ಣಗೆ, ನಡುಗುತ್ತಿತ್ತು. ನನ್ನ ಕೈಯೂ ಹೀಗೇ ನಡುಗಿರಬೇಕು, ಇದೇ ಮಂಚದ ಪಕ್ಕದಲ್ಲಿ ನಾನು ಕೂತು ಅವಳನ್ನು ಹಿಡಿದಾಗ.

"ನಿನಗ ಅವಾಗಿಂದ ಗೊತ್ತಿತ್ತ?" ಎಂದು ತುಟಿ ಅಲುಗಿಸದೆ ಕೇಳಿದೆ.

"ಹಿಡಿಸಿಕೊಂಡಾಕಿಗೆ ಗೊತ್ತಾಗ್ದ ಯಾರಿಗೆ ಗೊತ್ತಾಗತೈತಿ?" ಅಂದಳು. "ನೀ ಹೇಳಲಿಲ್ಲ. ನಾ ಯಾಕ ಕೇಳಲಿ?"

"ಮಾತಾಡಬ್ಯಾಡ್ರಿ, ಚಿತ್ರ ಕೆಡತೈತಿ" ಎಂದು ನರ್ಸಬಾಯಿ ಆಚೆಯಿಂದ ಅಂದಳು. ಹೊರಗೆ ಗಾಳಿ ಗಾಡಿಯ ತಗಡನ್ನು ಒಮ್ಮೆ ಬಡಿದು ಹೋಯಿತು. ನನ್ನ ಕಾಲು ಪೆಟ್ಟಿಗೆಯಿಂದ ತುಸು ಮೇಲೆದ್ದವು. ದುಂಡವ್ವ ಇನ್ನಷ್ಟು ಬಗ್ಗಿದಳು, ಬೆನ್ನ ಮೇಲಿನ ಬೀಸುಕಲ್ಲು ಅವಳ ಕೊರಳವರೆಗೆ ಜಾರಿತು, ಅವಳ ಬಾಯಿಂದ ಒಂದು ಸಣ್ಣ ನೋವಿನ ದನಿ ಬಂತು. ಕಾಲು ಮತ್ತೆ ಕೆಳಗೆ ಬಂದವು.

"ಸಾಕು, ಬಿಡು ಯವ್ವಾ" ಅಂದೆ.

ಮಶೀನು ಗುನುಗುತ್ತಲೇ ಇತ್ತು. ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು, ಇನ್ನೊಬ್ಬರಿಗೆ ಕೇಳಿಸದ ಹಾಗೆ, "ಹೋದ ವರ್ಷದ ಹಿಡಿ" ಅಂದಳು. ಬಿಡಲಿಲ್ಲ.